ಮೀನಿಗೊಂದು ಕ್ಯಾನ್, ಬಸ್ಸಿಗೊಂದು ಕ್ಯಾನ್

ಆಗೆಲ್ಲ ನಮ್ಮ ಭಾಲ್ಕಿಯಲ್ಲಿ ನೀರಿಗೆ ಎರಡೇ ಜಾತಿ. ಬ್ಯಾಳಿ ಬೇಯುವ ನೀರು, ಬ್ಯಾಳಿ ಬೇಯದ ನೀರು. ನಮ್ಮ ಓಣಿಯ ಬೋರಿನ ನೀರು ಎರಡನೆಯ ಜಾತಿಯದು. ಭಾನುವಾರ ತೊಗರಿಬೇಳೆಯನ್ನು ಒಲೆಯ ಮೇಲಿಟ್ಟು ಚರ್ಚಿಗೆ ಹೋಗಿ, ಪಾದ್ರಿಗಳ ಉದ್ದನೆಯ ಪ್ರಸಂಗ ಪೂರ್ತಿ ಕೇಳಿ ಬಂದರೂ ಬೇಳೆ ಕಾಳುಕಾಳಾಗಿ ನಮ್ಮ ಮುಖವನ್ನೇ ನೋಡುತ್ತಿತ್ತು. ಸಾಬೂನು ಎಷ್ಟು ಉಜ್ಜಿದರೂ ನೊರೆ ಬರುತ್ತಿರಲಿಲ್ಲ. ತಲೆಗೂದಲು ತೆಂಗಿನ ನಾರಾಗಿತ್ತು. ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಚಕ್ಕೆ ಕಟ್ಟುತ್ತಿತ್ತು, ಅದನ್ನು ತಿಂಗಳಿಗೊಮ್ಮೆ ಸುತ್ತಿಗೆಯಿಂದ ಬಡಿದು ಉದುರಿಸಬೇಕು. ಎಲ್ಲರ ಅಡುಗೆಮನೆಯಲ್ಲೂ ಉಪ್ಪಿನ ಡಬ್ಬಿಯ ಪಕ್ಕದಲ್ಲಿ ಸೋಡಾದ ಡಬ್ಬಿ ಇರುತ್ತಿತ್ತು. ಬೇಳೆಗೆ ಒಂದು ಚಿಟಿಕೆ ಸೋಡಾ ಬಿದ್ದರೆ ಮಾತ್ರ ಅದು ಮೆತ್ತಗಾಗಿ ದಾರಿಗೆ ಬರುತ್ತಿತ್ತು.

ಇಂಥ ಊರಿನಲ್ಲಿ ಮೀನು ಸಾಕುವ ಯೋಚನೆ ಯಾರಿಗೂ ಬರಬಾರದು. ನಮ್ಮ ಶಾಂತಾ ಟೀಚರಿಗೆ ಬಂದಿತ್ತು. ಅವರು ನಮ್ಮ ಶಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದರು, ನಮ್ಮ ಪಕ್ಕದ ಎರಡು ಖೋಲಿಯ ಮನೆಯಲ್ಲಿ ಒಬ್ಬರೇ ಬಾಡಿಗೆಗಿದ್ದರು. ಹೈದರಾಬಾದಿನಿಂದ ಆರು ಟೆಟ್ರಾ ಮೀನು ತಂದು ಗಾಜಿನ ಪೆಟ್ಟಿಗೆಯಲ್ಲಿ ಬಿಟ್ಟಿದ್ದರು. ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ಮೈ ಮೇಲೆ ಹೊಳೆಯುವ ನೀಲಿ ಗೆರೆ, ಬಾಲದ ಕಡೆ ಕೆಂಪು. ಅವುಗಳನ್ನು ನೋಡಲು ನಾನು ದಿನಾ ಸಂಜೆ ಹೋಗಿ ಸ್ಟೂಲಿನ ಮೇಲೆ ಕೂರುತ್ತಿದ್ದೆ. ನಾನು ಐದನೇ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ಟೀಚರ್ ತಮ್ಮ ಅಕ್ಕನ ಬಾಣಂತನಕ್ಕೆಂದು ಹೈದರಾಬಾದಿಗೆ ಹೊರಟರು. ಮೀನಿನ ಪೆಟ್ಟಿಗೆ ನಮ್ಮ ಪಡಸಾಲೆಗೆ ಬಂತು, ಅದರ ಹಿಂದೆಯೇ ಒಂದು ದೊಡ್ಡ ನೀಲಿ ಡ್ರಮ್ಮೂ ಬಂತು.

"ಬೇಬಿ, ನೀ ಒಬ್ಬಾಕಿ ಗಾಜು ಬಡಿಯಂಗಿಲ್ಲ. ಅದಕ್ಕ ನಿನಗ ಕೊಡ್ಲತ್ತೀನಿ" ಅಂದರು ಟೀಚರ್. "ದಿನಾ ಒಂದು ಚಿಟಿಕಿ ಆಹಾರ. ನೀರು ಇಳೀತಂದ್ರ ಈ ಡ್ರಮ್ಮಿಂದೇ ಹಾಕು. ಬೀದರದಾಗ ನಮ್ಮ ಚರ್ಚ್ ಹಿಂದಿನ ಬಾವಿ ನೀರು ಇದು, ಮೀನಿಗಿ ಇದೇ ಬೇಕು. ಬೋರಿನ ನೀರು ಮುಟ್ಟಸಬ್ಯಾಡ. ಮತ್ತ ಒಳಗ ಏನೂ ಹಾಕಬ್ಯಾಡ. ತಿಳೀತೋ?"

"ತಿಳೀತ್ರಿ ಟೀಚರ್" ಅಂದೆ. ನನ್ನ ಜೀವನದಲ್ಲಿ ಮೊದಲ ಬಾರಿಗೆ ಯಾರೋ ದೊಡ್ಡವರು ನನ್ನನ್ನು ನಂಬಿ ಜೀವ ಇರುವ ವಸ್ತುಗಳನ್ನು ಕೈಗೆ ಕೊಟ್ಟಿದ್ದರು. ಜೂನಿನಲ್ಲಿ ಶಾಲೆ ತೆರೆಯುವಾಗ ಆರಕ್ಕೆ ಆರನ್ನೂ ವಾಪಸು ಕೊಡುತ್ತೇನೆ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದೆ.

ಆದರೆ ಟೀಚರ್ ನನ್ನನ್ನು ನೋಡಿದ್ದರು, ನಮ್ಮ ಮನೆಯನ್ನು ನೋಡಿರಲಿಲ್ಲ. ನಮ್ಮ ಮನೆಯಲ್ಲಿ ಯಾವ ವಸ್ತುವನ್ನೂ ಅದರಷ್ಟಕ್ಕೆ ಬಿಡುವ ಪದ್ಧತಿಯೇ ಇರಲಿಲ್ಲ. ಪಪ್ಪಾ ಬೀದರಿನ ಒಂದು ಕಚೇರಿಯಲ್ಲಿ ಗುಮಾಸ್ತರು, ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದರು. ಮಮ್ಮಿ ಆಸ್ಪತ್ರೆಯಲ್ಲಿ ನರ್ಸ್. ಇವರಿಬ್ಬರೂ ಹೊರಗಿರುವಾಗ ಮನೆ ಆಯಿಯ ಕೈಯಲ್ಲಿ, ಅಂದರೆ ಪಪ್ಪಾನ ತಾಯಿಯ ಕೈಯಲ್ಲಿ ಇರುತ್ತಿತ್ತು.

ಮೊದಲನೆಯ ಪೆಟ್ಟು ಬಿದ್ದದ್ದು ಬೇಳೆಯಿಂದ. ಔರಾದ ಕಡೆಯ ಸಂತಪುರದಿಂದ ಮಾಮಾ, ಮಮ್ಮಿಯ ಅಣ್ಣ, ನಾಲ್ಕು ದಿನ ಇರಲು ಬಂದಿದ್ದ. ನಾನು ಹೊರಗೆ ಕುಂಟಾಟ ಆಡಿ, ಬೆವರು ಸುರಿಸಿಕೊಂಡು ಒಳಗೆ ಬಂದರೆ ಎಲ್ಲರೂ ತಾಟಿನ ಮುಂದೆ ಕೂತು ಬೇಳೆಯ ಗುಣಗಾನ ಮಾಡುತ್ತಿದ್ದರು. ಮನೆಯಲ್ಲೆಲ್ಲ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ.

"ಸೋಡಾ ಇಲ್ಲದೇ ಬೆಣ್ಣಿ ಆಗ್ಯಾದ ನೋಡ್ರಿ" ಅಂದ ಮಾಮಾ. "ಯಾವ ನೀರು ಆಯಿ?"

"ಆ ಮಾಸ್ತರ್‍ಬಾಯಿ ಡ್ರಮ್ಮಿಂದು" ಅಂದಳು ಆಯಿ, ಏನೂ ಆಗದವಳ ಹಾಗೆ.

ನಾನು ಕಿರುಚಿಕೊಂಡೆ. ಆಯಿ ತಲೆ ಕೂಡ ಎತ್ತಲಿಲ್ಲ. "ಒಂದು ಕೊಡ ತಗೊಂಡ್ರ ನಿನ್ನ ಮೀನು ಸಾಯ್ತಾವೇನು? ಮನಿಗಿ ಬಂದ ಮನಷಾಗ ಕಲ್ಲಿನಂಥ ಬ್ಯಾಳಿ ಬಡಸ್ಲೇನು?" ಅಂದಳು. ಒಂದು ಕೊಡವಂತೆ. ಮಾಮಾ ಇದ್ದ ನಾಲ್ಕೂ ದಿನ ಅದೇ ನೀರಿನಲ್ಲಿ ಬೇಳೆ, ಅದೇ ನೀರಿನಲ್ಲಿ ಚಹಾ. ಆಚೆ ಪಕ್ಕದ ಮನೆಯವರಿಗೂ ಸುದ್ದಿ ಹೋಗಿ ಒಂದೆರಡು ತಂಬಿಗೆ ಆ ಕಡೆಗೂ ಹರಿದವು. ಐದನೆಯ ದಿನ ನಾನು ಡ್ರಮ್ಮಿನೊಳಗೆ ಬಗ್ಗಿ ನೋಡಿದರೆ ತಳ ಕಾಣುತ್ತಿತ್ತು. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಮಾಮಾ ಬರಿಗೈಯಲ್ಲಿ ಬಂದಿರಲಿಲ್ಲ. ಅವನ ಹೊಲದ ಹಳ್ಳದಿಂದ ನನಗೆಂದು ಒಂದು ಮುಷ್ಟಿ ಬಿಳಿ ಹರಳುಗಳನ್ನು ಆರಿಸಿ ತಂದಿದ್ದ. "ಪೆಟಗಿ ಮುಂದ ಸಾಲಾಗಿ ಇಡು, ಛಂದ ಕಾಣ್ತದ" ಅಂದಿದ್ದ. ಅವನು ಹೊರಡುವ ದಿನದವರೆಗೆ ಮುಂದೆಯೇ ಇಟ್ಟೆ. ಮರುದಿನ, ಒಳಗಿದ್ದರೆ ಇನ್ನೂ ಚಂದ ಅನ್ನಿಸಿತು. ಮನೆಯಲ್ಲಿ ಯಾರೂ ಇಲ್ಲದಾಗ ಒಂದೊಂದಾಗಿ ನೀರಿನಲ್ಲಿ ಇಳಿಸಿದೆ. ಕಪ್ಪು ಮರಳಿನ ಮೇಲೆ ಅವು ಪೆಪ್ಪರಮಿಂಟಿನ ಹಾಗೆ ಕಂಡವು. ಟೀಚರ್ ಹೇಳಿದ್ದ ಮಾತು ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಪೆಟ್ಟಿಗೆಯ ನೀರು ದಿನಕ್ಕೆ ಒಂದು ಬೆರಳು ಇಳಿಯುತ್ತಿತ್ತು. ಡ್ರಮ್ಮು ಖಾಲಿ, ಬೇರೆ ದಾರಿ ಇಲ್ಲ, ಬೋರಿನ ನೀರನ್ನೇ ಸುರಿದೆ. ವಾರದೊಳಗೆ ಗಾಜಿನ ಮೇಲೆ ಹಂಡೆಯಲ್ಲಿ ಕಟ್ಟುವಂಥದೇ ಬಿಳಿ ಗೆರೆ ಮೂಡಿತು. ಮೀನುಗಳ ನೀಲಿ ಮಾಸಿತು, ರೆಕ್ಕೆಗಳು ಮೈಗೆ ಅಂಟಿದವು, ಆರೂ ಒಂದು ಮೂಲೆಯಲ್ಲಿ ಗುಂಪಾಗಿ ನಿಂತುಬಿಟ್ಟವು. ಟೀಚರಿಗೆ ಫೋನ್ ಮಾಡೋಣ ಅಂದಳು ಮಮ್ಮಿ. ನಾನು ಅತ್ತು ಕರೆದು ಬೇಡ ಅಂದೆ. ನನ್ನ ಮೇಲೆ ಅವರಿಗಿದ್ದ ಭರವಸೆ ಹೋಗುವುದು ನನಗೆ ಬೇಕಿರಲಿಲ್ಲ.

ಆಗ ಆಯಿಗೆ ಕರುಣೆ ಬಂತು. ಆಯಿಗೆ ಕರುಣೆ ಬಂದಾಗಲೆಲ್ಲ ಯಾರಿಗಾದರೂ ಕಷ್ಟ ತಪ್ಪಿದ್ದಲ್ಲ. ಒಂದು ಮಧ್ಯಾಹ್ನ ನಾನು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಆಕೆ ಬೇಳೆಗೆ ಹಾಕುವ ಸೋಡಾವನ್ನು ಒಂದು ಚಮಚ ತುಂಬ ಪೆಟ್ಟಿಗೆಗೆ ಹಾಕಿ, ಸೌಟಿನಿಂದ ತಿರುವಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು. ಸಂಜೆ ಪಪ್ಪಾ ಬರುವ ಹೊತ್ತಿಗೆ ಎರಡು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

"ಸೋಡಾ ಹಾಕಿದ್ರ ಈ ನೀರಾಗ ಬ್ಯಾಳಿ ಬೇಯ್ತದ. ಬ್ಯಾಳಿಗಿ ಆಗೋ ನೀರು ಮೀನಿಗಿ ಯಾಕ ಆಗಂಗಿಲ್ಲ?" ಅಂತ ಆಯಿ ಕೇಳಿದಳು. ಆಕೆಯ ದನಿಯೂ ಸಣ್ಣದಾಗಿತ್ತು. ಸತ್ತ ಎರಡನ್ನೂ ಪೇರಲ ಗಿಡದ ಬುಡದಲ್ಲಿ ಹೂಳಿದೆವು. ಕೊಂದವಳೇ ಮುಂದೆ ನಿಂತು ಪ್ರಾರ್ಥನೆ ಮಾಡಿದಳು, ಅದೂ ಸಾಕಷ್ಟು ಉದ್ದವಾಗಿ.

ಪಪ್ಪಾ ಅಂದೇ ರಂಗಕ್ಕಿಳಿದರು. ಪಿಯುಸಿಯವರೆಗೆ ವಿಜ್ಞಾನ ಓದಿದ್ದವರು, ಅದು ಎಲ್ಲಿಗೂ ಉಪಯೋಗಕ್ಕೆ ಬಾರದೆ ಒಳಗೇ ಕೂತಿತ್ತು. ಟೀಚರ್ ಪೆಟ್ಟಿಗೆಯ ಜೊತೆ ಬಿಟ್ಟುಹೋಗಿದ್ದ ಪುಸ್ತಕವನ್ನು ಕನ್ನಡಕ ಹಾಕಿಕೊಂಡು ಓದಿ, ನೀರಿನ ಗಡಸುತನ ಅಳೆಯುವುದು ಹೇಗೆಂದು ನನಗೆ ಹೇಳಿಕೊಟ್ಟರು. ಮಮ್ಮಿ ಆಸ್ಪತ್ರೆಯಿಂದ ಔಷಧದ ಖಾಲಿ ಶೀಶೆ ಮತ್ತು ಸೂಜಿ ಇಲ್ಲದ ಸಿರಿಂಜು ತಂದಳು. ಶೀಶೆಯಲ್ಲಿ ನೀರು ಹಾಕಿ, ಸಾಬೂನು ಕರಗಿಸಿದ ನೀರನ್ನು ಸಿರಿಂಜಿನಿಂದ ಹನಿಹನಿಯಾಗಿ ಬಿಡುತ್ತ ಕುಲುಕಬೇಕು. ಎಷ್ಟು ಹನಿಗೆ ನೊರೆ ನಿಲ್ಲುತ್ತದೆಯೋ ಅದು ಲೆಕ್ಕ. ಡ್ರಮ್ಮಿನ ತಳದಿಂದ ಬಳಿದು ತೆಗೆದ ಒಂದು ಗುಟುಕು ಬೀದರಿನ ನೀರಿಗೆ ಐದು ಹನಿ ಸಾಕಾಯಿತು. ನಮ್ಮ ಬೋರಿನ ನೀರಿಗೆ ಇಪ್ಪತ್ತೆಂಟು. ಪೆಟ್ಟಿಗೆಯ ನೀರಿಗೆ ನಲವತ್ತಾದರೂ ನೊರೆ ನಿಲ್ಲಲಿಲ್ಲ, ನನ್ನ ಕೈ ನೋಯತೊಡಗಿತು.

"ಆರಿ ಹೋಗೋದು ನೀರು ಅಷ್ಟೇ, ಸುಣ್ಣ ಇಲ್ಲೇ ಉಳೀತದ. ನಾವು ಮ್ಯಾಲ ಮತ್ತ ಸುಣ್ಣದ ನೀರೇ ಹಾಕ್ಲತ್ತೀವಿ" ಅಂದರು ಪಪ್ಪಾ. "ಆದ್ರೂ ಇಷ್ಟು ಯಾಕ ಏರ್‍ತು?" ಅವರ ಕಣ್ಣು ಬಿಳಿ ಹರಳುಗಳ ಮೇಲೆ ಬಿತ್ತು. ಒಂದನ್ನು ತೆಗೆದು ಅದರ ಮೇಲೆ ನಿಂಬೆಹಣ್ಣು ಹಿಂಡಿದರು. ಹರಳು ಸುಂಯ್ ಎಂದು ನೊರೆ ಬಿಟ್ಟಿತು. ಅದು ಬರೀ ಸುಣ್ಣದ ಕಲ್ಲು.

"ಇವನ್ನ ಒಳಗ ಯಾರು ಹಾಕಿದ್ರು?"

"ಮಾಮಾ" ಅಂದೆ.

ಪಪ್ಪಾ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಮಾಮಾ ಹೊರಟ ದಿನ ಹರಳು ಪೆಟ್ಟಿಗೆಯ ಹೊರಗೆ ಸಾಲಾಗಿದ್ದದ್ದನ್ನು ಅವರೂ ನೋಡಿದ್ದರು. ಹರಳುಗಳನ್ನು ಆರಿಸಿ ಅಂಗಳಕ್ಕೆ ಎಸೆದರು.

ಮರುದಿನದಿಂದ ಪಪ್ಪಾ ಐದು ಲೀಟರಿನ ಬಿಳಿ ಕ್ಯಾನು ಹಿಡಿದುಕೊಂಡು ಕಚೇರಿಗೆ ಹೊರಟರು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಟೀಚರ್ ಹೇಳಿದ್ದ ಬಾವಿಗೆ ಹೋಗಿ ನೀರು ಸೇದಿ, ಸಂಜೆಯ ಬಸ್ಸಿನಲ್ಲಿ ತರಬೇಕು. ಕೇಳುವುದಕ್ಕೆ ಎಷ್ಟು ಸರಳ. ಮೊದಲ ದಿನ ಕ್ಯಾನು ಮನೆಗೆ ಬಂದಾಗ ಅರ್ಧಕ್ಕಿಂತ ಕಡಿಮೆ ನೀರಿತ್ತು. ಎರಡನೆಯ ದಿನ ಇನ್ನೂ ಕಡಿಮೆ.

ಬೀದರಿನ ಗುರುದ್ವಾರದ ಬುಗ್ಗೆಯಿಂದ ಬರುವ ಝರಾ ನೀರನ್ನು ಜನ ತೀರ್ಥವೆಂದು ಕ್ಯಾನು ಕ್ಯಾನು ತುಂಬಿಕೊಂಡು ಊರಿಗೆ ಒಯ್ಯುತ್ತಾರೆ. ಬೀದರ ಬಸ್ ನಿಲ್ದಾಣದಲ್ಲಿ ಬಿಳಿ ಕ್ಯಾನು ಹಿಡಿದು ಬಸ್ಸು ಹತ್ತಿದವನ ಕೈಯಲ್ಲಿ ಬೇರೆ ನೀರು ಇರಬಹುದೆಂದು ಯಾರೂ ತಿಳಿಯುವುದಿಲ್ಲ. ಅಕ್ಕಪಕ್ಕದವರು ಅಂಗೈ ಚಾಚುತ್ತಿದ್ದರು. ಪಪ್ಪಾ ಪ್ರತಿಯೊಬ್ಬರಿಗೂ "ಇದು ಝರಾ ನೀರಲ್ಲರಿ, ಬರೇ ಬಾವಿ ನೀರು, ಮೀನಿಗಿ ಒಯ್ಲತ್ತೀನಿ" ಅಂತ ನಿಜ ಹೇಳುತ್ತಿದ್ದರು. ಅವರಿಗೆ ಸುಳ್ಳು ಹೇಳಲು ಬರುತ್ತಲೇ ಇರಲಿಲ್ಲ. ಜನ ನಂಬುತ್ತಿರಲಿಲ್ಲ, ಜಿಪುಣ ಎಂದುಕೊಂಡು ಇನ್ನಷ್ಟು ಮುಂದಕ್ಕೆ ಕೈ ಚಾಚುತ್ತಿದ್ದರು. ಪಪ್ಪಾ ಸುರಿಯುತ್ತಿದ್ದರು.

"ಮನಿಗಿ ಬರೋದ್ರಾಗ ಅರ್ಧ ಬಸ್ಸಿಗಿ ತೀರ್ಥ ಹಂಚಿ ಬಂದೀರಿ" ಅಂದಳು ಮಮ್ಮಿ. "ನಿಮಗ ಬ್ಯಾಡ ಅನ್ಲಿಕ್ಕ ಬರಂಗಿಲ್ಲೇನು?"

"ಅಂದೆ. ಕೇಳ್ಲಿಲ್ಲ ಅವರು" ಅಂದರು ಪಪ್ಪಾ.

ಬಂದಷ್ಟು ನೀರನ್ನು ನಾನು ಒಂದೇ ಸಲ ಸುರಿಯಲು ಹೋದರೆ ಮಮ್ಮಿ ಕೈ ಹಿಡಿದಳು. "ಸುಸ್ತಾದ ಜೀವಕ್ಕ ಏನ ಕೊಟ್ರೂ ಹೌರಗ, ಸಾವಕಾಶ ಕೊಡಬೇಕು" ಅಂದಳು. ಸಲೈನಿನ ಖಾಲಿ ಬಾಟಲಿ, ಅದರ ನಳಿಗೆ, ಚಕ್ರ ಎಲ್ಲ ತಂದು, ಬಾಟಲಿಯನ್ನು ಕಿಟಕಿಯ ಸರಳಿಗೆ ತೂಗುಹಾಕಿ, ನಳಿಗೆಯ ತುದಿಯನ್ನು ಪೆಟ್ಟಿಗೆಯೊಳಗೆ ಇಳಿಬಿಟ್ಟಳು. ಒಂದು ಕಡೆ ನಾನು ಲೋಟದಿಂದ ಹಳೆಯ ನೀರು ತೆಗೆಯಬೇಕು, ಇನ್ನೊಂದು ಕಡೆ ಬೀದರಿನ ನೀರು ಹನಿ ಹನಿ ಇಳಿಯಬೇಕು. ಭಾಲ್ಕಿಯಲ್ಲಿ ಮೀನಿಗೆ ಸಲೈನ್ ಹಚ್ಚಿದ್ದಾರೆ ಎಂಬ ಸುದ್ದಿ ಎಷ್ಟು ಬೇಗ ಹಬ್ಬಿತೆಂದರೆ ಮರುದಿನ ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪೇಶೆಂಟಿಗೆ ಈಗ ಹ್ಯಾಂಗದ ಎಂದು ಕೇಳಿದವರೆಷ್ಟೋ ಜನ. ಕೆಲವರು ಗಾಜು ಬಡಿದರು. ನಾನು ಎಲ್ಲರನ್ನೂ ಹೊರಗೆ ತಳ್ಳಿ ಬಾಗಿಲು ಹಾಕಿದೆ. ಆಯಿ ಬಾಗಿಲು ತೆಗೆದು ಎಲ್ಲರಿಗೂ ಚಹಾ ಕೊಟ್ಟಳು.

ಕೊನೆಗೆ ಕ್ಯಾನಿನ ಕಾವಲಿಗೆ ನನ್ನನ್ನೇ ಪಪ್ಪಾನ ಜೊತೆ ಕಳಿಸಬೇಕೆಂದು ಹಟ ಹಿಡಿದೆ. ಒಂದು ಶನಿವಾರ ಹೋದೆ. ಆ ಬಾವಿಯನ್ನು ನಾನು ಕಂಡದ್ದು ಆಗಲೇ. ಬೀದರಿನ ಕೆಂಪು ಕಲ್ಲನ್ನು ಕಡಿದು ಮಾಡಿದ್ದು, ಗಡಗಡಿ ಕಿರ್ರೆನ್ನುತ್ತಿತ್ತು, ಬಗ್ಗಿದರೆ ತಣ್ಣಗೆ ಒದ್ದೆ ಕಲ್ಲಿನ ವಾಸನೆ ಮುಖಕ್ಕೆ ಬಡಿಯುತ್ತಿತ್ತು. ಅಂಗೈಯಲ್ಲಿ ಹಿಡಿದು ಕುಡಿದೆ. ನಮ್ಮ ಬೋರಿನ ನೀರಿನ ಹಾಗೆ ನಾಲಿಗೆಗೆ ಅಂಟಲಿಲ್ಲ. ಆಯಿ ಇದನ್ನು ಕದ್ದದ್ದರಲ್ಲಿ ಆಶ್ಚರ್ಯವಿಲ್ಲ ಎಂದು ಒಂದು ಕ್ಷಣ ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೆ ಇನ್ನೂ ಸಿಟ್ಟು ಬಂತು.

ಬಸ್ಸಿನಲ್ಲಿ ಕ್ಯಾನನ್ನು ಕಾಲ ಸಂದಿನಲ್ಲಿಟ್ಟು ಮೇಲೆ ಪಪ್ಪಾನ ಟವೆಲ್ಲು ಮುಚ್ಚಿ ಕೂತೆ. ಅರ್ಧ ದಾರಿಯವರೆಗೆ ಯಾರೂ ಕೇಳಲಿಲ್ಲ. ಆಮೇಲೆ ಒಬ್ಬ ಮುದುಕಿ ಹತ್ತಿ ನಮ್ಮ ಪಕ್ಕ ಕೂತಳು. ಮಡಿಲಲ್ಲಿ ಜ್ವರದಿಂದ ಕೆಂಪಾದ ಒಂದು ಕೂಸು. ಟವೆಲ್ಲಿನ ಕೆಳಗಿಂದ ಇಣುಕಿದ ಬಿಳಿ ಮೂಲೆಯನ್ನು ಅವಳು ನೋಡಿದಳು.

"ಝರಾ ನೀರೇನವ್ವ? ಕೂಸಿನ ಬಾಯಾಗ ಎರಡು ಗುಟುಕು ಬಿಡ್ತೇನಿ."

"ಇದು ಮೀನಿಂದು. ಕೊಡಂಗಿಲ್ಲ" ಅಂದೆ.

ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನನ್ನನ್ನು ನೋಡಿದರು. ಕಂಡಕ್ಟರ್ ಟಿಕೆಟು ಹರಿಯುವುದನ್ನು ನಿಲ್ಲಿಸಿ, "ಯಾವ ಮನಿ ಹುಡುಗಿರಿ ಇದು" ಅಂದ. ಪಪ್ಪಾ ಅಷ್ಟರಲ್ಲಿ ಟವೆಲ್ಲು ತೆಗೆದು, "ಝರಾ ನೀರಲ್ಲ ಯವ್ವಾ, ಬಾವಿದು" ಎಂದು ಹೇಳುತ್ತಲೇ ಅವಳ ತಂಬಿಗೆಗೆ ತುಂಬಿ ತುಂಬಿ ಹಾಕಿದರು. ಕೂಸು ಕುಡಿಯಿತು. ಅದನ್ನು ನೋಡಿ ಹಿಂದಿನ ಸೀಟಿನವರೂ ಕೈ ಚಾಚಿದರು. ಭಾಲ್ಕಿ ಬರುವಷ್ಟರಲ್ಲಿ ಕ್ಯಾನು ನನ್ನ ಕೈಗೂ ಹಗುರವಾಗಿತ್ತು.

ಬಸ್ ನಿಲ್ದಾಣದಿಂದ ಮನೆಯವರೆಗೆ ಅಳುತ್ತಲೇ ನಡೆದೆ. ನಿಮಗೆ ನನ್ನ ಮೀನಿಗಿಂತ ಬಸ್ಸಿನ ಜನವೇ ಹೆಚ್ಚು ಅಂದೆ. ಪಪ್ಪಾ ಕ್ಯಾನನ್ನು ಆ ಕೈಯಿಂದ ಈ ಕೈಗೆ ಬದಲಿಸಿಕೊಳ್ಳುತ್ತ ನಡೆದರು.

"ಝರಾ ನೀರಲ್ಲ ಅಂತ ಅಕಿಗಿ ಹೇಳ್ದೆ ಬೇಬಿ" ಅಂದರು ಕಡೆಗೆ. "ನೀರೇ ಅಲ್ಲ ಅಂತ ಹ್ಯಾಂಗ ಹೇಳ್ಲಿ?"

ಅದಕ್ಕೆ ಪರಿಹಾರ ಕಂಡುಹಿಡಿದದ್ದು ಮಮ್ಮಿ. ಸೋಮವಾರ ಪಪ್ಪಾ ಎರಡೂ ಕೈಯಲ್ಲಿ ಒಂದೊಂದು ಕ್ಯಾನು ಹಿಡಿದು ಹೊರಟರು. ಒಂದು ಮೀನಿಗೆ, ಒಂದು ಬಸ್ಸಿಗೆ. ಮೀನಿನದಕ್ಕೆ ಮುಚ್ಚಳದ ಮೇಲೆ ಮಮ್ಮಿ ಆಸ್ಪತ್ರೆಯ ಪಟ್ಟಿ ಬಿಗಿದು ಅಂಟಿಸಿದ್ದಳು, ಬಿಚ್ಚಿದರೆ ಗೊತ್ತಾಗಬೇಕು ಎಂದು. ಮೇ ತಿಂಗಳು ಪೂರ್ತಿ, ಆ ಬಿಸಿಲಿನಲ್ಲಿ, ಆ ಮನುಷ್ಯ ದಿನಾ ಹತ್ತು ಲೀಟರು ಹೊತ್ತು ತಂದರು. ಬಸ್ಸಿನ ಕ್ಯಾನು ಯಾವಾಗಲೂ ಖಾಲಿಯಾಗಿ ಬರುತ್ತಿತ್ತು. ನಾನು ದಿನಾ ಬೆಳಿಗ್ಗೆ ಹನಿ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದೆ. ಮೂವತ್ತೈದು, ಮೂವತ್ತು, ಇಪ್ಪತ್ತಾರು. ಹದಿನಾಲ್ಕಕ್ಕೆ ಇಳಿದ ದಿನ ಒಂದು ಮೀನು ಮೂಲೆ ಬಿಟ್ಟು ಹೊರಬಂತು. ಒಂಬತ್ತಕ್ಕೆ ಬಂದಾಗ ನಾಲ್ಕರ ಮೈಯಲ್ಲೂ ಆ ನೀಲಿ ಮತ್ತೆ ಹೊಳೆಯಿತು. ನಾನು ಮಮ್ಮಿಯನ್ನು ತಬ್ಬಿಕೊಂಡೆ. ಆಯಿಯನ್ನು ತಬ್ಬಿಕೊಳ್ಳಲಿಲ್ಲ.

ಆದರೆ ನಾಲ್ಕು ಅಂದರೆ ಆರಲ್ಲ. ಶಾಲೆ ತೆರೆಯಲು ವಾರ ಇರುವಾಗ ಆಯಿ ನನ್ನನ್ನು ಅಡುಗೆಮನೆಗೆ ಕರೆದು, "ಬೀದರದಾಗ ಇಂಥವೇ ಸಿಗ್ತಾವಂತ. ಎರಡು ತಂದು ಬಿಟ್ರ ಅಕಿಗೇನು ತಿಳೀತದ?" ಅಂದಳು. ಆ ಬೇಸಿಗೆಯಲ್ಲಿ ಆಯಿಯ ಮಾತು ನನಗೆ ಹಿಡಿಸಿದ್ದು ಅದೊಂದೇ ಸಲ. ನಾನೇ ಪಪ್ಪಾನ ಬೆನ್ನು ಹತ್ತಿದೆ. ಅವರು ನನ್ನ ಕಾಟ ತಾಳಲಾರದೆ ಬೀದರಿನ ಅಂಗಡಿಯಲ್ಲಿ ಕೇಳಿಕೊಂಡು ಬಂದರು. ಅಲ್ಲಿ ಕೆಂಪು ಗೋಲ್ಡ್‌ಫಿಶ್ ಬಿಟ್ಟರೆ ಬೇರೆ ಇರಲಿಲ್ಲವಂತೆ. ನಾವು ಪ್ರಾಮಾಣಿಕರಾದದ್ದು ಅಂಗಡಿಯಲ್ಲಿ ಮಾಲು ಇಲ್ಲದ್ದರಿಂದ.

ಟೀಚರ್ ಬಂದ ದಿನ ಬೆಳಿಗ್ಗೆಯಷ್ಟೇ ಮೊದಲ ಮಳೆ ಬಿದ್ದು ಅಂಗಳದ ಕರಿಮಣ್ಣು ಚಪ್ಪಲಿಗೆ ಮೆತ್ತುತ್ತಿತ್ತು. ಅವರು ಚಪ್ಪಲಿ ಕಳಚಿ, ನೇರ ಪೆಟ್ಟಿಗೆಯ ಮುಂದೆ ಬಗ್ಗಿ ನಿಂತರು. ತುಟಿ ಅಲ್ಲಾಡಿಸುತ್ತ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಕಿಟಕಿಗೆ ತೂಗಿದ್ದ ಸಲೈನ್ ಬಾಟಲಿ ನೋಡಿದರು, ನನ್ನ ನೋಟ್‌ಬುಕ್ಕು ತಿರುವಿದರು, ಖಾಲಿ ಡ್ರಮ್ಮನ್ನು ಬೆರಳಿನಿಂದ ಬಡಿದರು.

"ಈ ನೀರು ಎಲ್ಲಿ ಹೋಯ್ತು?"

"ನಾನೇ ಬ್ಯಾಳಿಗಿ ಹಾಕ್ದೆರಿ ಬಾಯಿ" ಅಂದಳು ಆಯಿ ಬಾಗಿಲಿಗೆ ಒರಗಿ. "ಸೋಡಾ ಹಾಕ್ದಾಕಿನೂ ನಾನೇ. ತಪ್ಪಾಯ್ತು."

ಟೀಚರ್ ಡ್ರಮ್ಮಿನ ಮೇಲಿಂದ ಬೆರಳು ತೆಗೆದು, "ಬ್ಯಾಳಿ ನಾನೂ ಅದರಾಗೇ ಬೇಯಿಸ್ತೇನಿ ಆಯಿ. ಮೀನಿಗಿ ಅಷ್ಟು ದೊಡ್ಡ ಡ್ರಮ್ ಯಾಕ ಬೇಕು?" ಅಂದರು. ಇದನ್ನು ಹೋಗುವ ಮುಂಚೆ ಹೇಳಿ ಅರ್ಧ ನೀರು ಬೇರೆ ಇಟ್ಟಿದ್ದರೆ ಎಂದು ನನಗೆ ಅವರ ಮೇಲೂ ಸಿಟ್ಟು ಬಂತು. ಆಮೇಲೆ ಅವರು ನೋಟ್‌ಬುಕ್ಕಿನ ಮೊದಲ ಹಾಳೆಯ ಮೇಲೆ ಬೆರಳಿಟ್ಟರು. "ನಲವತ್ತಕ್ಕೂ ನೊರೆ ಬಂದಿಲ್ಲ ಅಂತ ಬರದಿ. ಬೋರಿನ ನೀರಿಂದ ಇಷ್ಟು ಆಗಂಗಿಲ್ಲ. ಒಳಗ ಏನರೆ ಹಾಕಿದ್ರೇನು?"

"ಸುಣ್ಣದ ಹರಳು ಇದ್ದವು" ಅಂದಳು ಮಮ್ಮಿ.

"ಯಾರು ಹಾಕಿದ್ರು?"

ಕೇಳಿದ್ದು ಎಲ್ಲರನ್ನು, ನೋಡಿದ್ದು ನನ್ನನ್ನು. ಮಾಮಾ ಎಂಬ ಮಾತು ನಾಲಿಗೆಯ ಮೇಲೆ ಇತ್ತು. ನಾನು ಎಂಬ ಮಾತೂ ಅಲ್ಲೇ ಇತ್ತು. ಎರಡೂ ಹೊರಗೆ ಬರಲಿಲ್ಲ. ಕಣ್ಣಲ್ಲಿ ನೀರು ತುಂಬಿ ಪೆಟ್ಟಿಗೆ ಮಸುಕಾಯಿತು.

"ನಾನೇರಿ ಟೀಚರ್" ಅಂದರು ಪಪ್ಪಾ.

ಬಸ್ಸಿನಲ್ಲಿ ಒಂದು ಹನಿ ನೀರಿಗೂ ಸುಳ್ಳು ಹೇಳದ ಮನುಷ್ಯ, ನನ್ನ ಕಡೆ ನೋಡದೆ, ಕೈ ಕಟ್ಟಿ ನಿಂತು ಹಾಗೆ ಹೇಳಿದರು. ಟೀಚರ್ ಅವರನ್ನು ನೋಡಿ, ನನ್ನನ್ನು ನೋಡಿ, ನೋಟ್‌ಬುಕ್ಕು ಮುಚ್ಚಿದರು. "ನಾಲ್ಕು ಉಳಿಸೀರಲ್ಲ" ಅಂದರು. ಪೆಟ್ಟಿಗೆಯನ್ನು ಅವರ ಮನೆಗೆ ಸಾಗಿಸುವಾಗ ಒಂದು ಕಡೆ ಪಪ್ಪಾ ಹಿಡಿದಿದ್ದರು, ಇನ್ನೊಂದು ಕಡೆ ನಾನು. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಆಮೇಲೂ ಯಾವತ್ತೂ ನಾವಿಬ್ಬರೂ ಆ ವಿಷಯ ಎತ್ತಲಿಲ್ಲ.

ಈಗ ನಾನು ಬೀದರಿನಲ್ಲಿ ಒಬ್ಬಳೇ ಇದ್ದೇನೆ. ಆ ಬಾವಿಯ ಮೇಲೆ ಸಿಮೆಂಟಿನ ಹಾಸು ಮುಚ್ಚಿ ಎಷ್ಟೋ ವರ್ಷವಾಯಿತು, ಅದರ ಮೇಲೆ ಸ್ಕೂಟರ್ ನಿಲ್ಲಿಸುತ್ತಾರೆ. ಆಯಿ ಹೋದಳು. ಪಪ್ಪಾ ಹೋಗಿ ಏಳು ವರ್ಷ. ಮಮ್ಮಿ ನಿವೃತ್ತಿಯಾದ ಮೇಲೆ ಸಂತಪುರದಲ್ಲಿ ಮಾಮಾನ ಮನೆಯ ಪಕ್ಕ ಇರುತ್ತಾಳೆ. ನನ್ನ ಮನೆಯಲ್ಲಿ ದೊಡ್ಡ ಗಾಜಿನ ಪೆಟ್ಟಿಗೆ ಇದೆ, ನೀರು ಸೋಸುವ ಯಂತ್ರ ಇದೆ, ಪೆನ್ನಿನಂಥ ಒಂದು ಮೀಟರನ್ನು ಅದ್ದಿದರೆ ನೀರಿನ ಅಳತೆ ಅಂಕಿಯಲ್ಲಿ ಬರುತ್ತದೆ, ಯಾರೂ ಶೀಶೆ ಕುಲುಕಬೇಕಿಲ್ಲ. ಬೇಳೆ ಯಾವ ನೀರಿನದೆಂದು ಕೇಳುವವರಿಲ್ಲ, ಎಲ್ಲವೂ ಕುಕ್ಕರಿನಲ್ಲಿ ಬೇಯುತ್ತದೆ. ನನ್ನ ನೀರಿಗೆ ಯಾರೂ ಕೈ ಹಾಕುವುದಿಲ್ಲ, ಸೌಟು ಹಾಕುವುದಿಲ್ಲ, ನೋಡಲು ಬಂದು ಗಾಜು ಬಡಿಯುವುದಿಲ್ಲ. ಆ ಬೇಸಿಗೆಯಲ್ಲಿ ನಾನು ದೇವರನ್ನು ಬೇಡಿಕೊಂಡದ್ದು ಇದನ್ನೇ, ಪೂರ್ತಿಯಾಗಿ ಸಿಕ್ಕಿದೆ.

ಹೋದ ವಾರ ನಾನು ಮಾಡಿದ ತಪ್ಪಿಗೆ ಎರಡು ಮೀನು ಸತ್ತವು. ಯಾರು ಮಾಡಿದ್ದು ಎಂದು ಕೇಳುವವರೂ ಇರಲಿಲ್ಲ, ನಾನೇರಿ ಎಂದು ಮುಂದೆ ಬಂದು ನಿಲ್ಲುವವರೂ ಇರಲಿಲ್ಲ.